ಹಳೇ ರೇಷ್ಮೆ ಟಾಪ್ ಹ್ಯಾಟ್: ಟೋಪಿ ಹಾಕಿಕೊಳ್ಳಿ, ಹಾಕಿಸಿಕೊಳ್ಳಬೇಡಿ

ನನ್ನ ಮೊದಲ ಟಾಪ್ ಹ್ಯಾಟ್, ಅಂದರೆ ಇಂಗ್ಲಿಷರ ಆ ಎತ್ತರದ ಕೊಳವೆ ಟೋಪಿ, ನನಗೇ ಟೋಪಿ ಹಾಕಿತು. ಇಂಗ್ಲೆಂಡಿಗೆ ಬಂದು ಆಗ ಮೂರು ವರ್ಷ. ಸಹೋದ್ಯೋಗಿಯ ಮದುವೆ ಕರೆಯೋಲೆಯಲ್ಲಿ ‘ಮಾರ್ನಿಂಗ್ ಡ್ರೆಸ್’, ಅಂದರೆ ಹಗಲಿನ ಸಮಾರಂಭದ ಉಡುಪು, ಅಂತಿತ್ತು. ಕೋಟು ಬಾಡಿಗೆಗೆ ಸಿಕ್ಕಿತು, ಟೋಪಿ ಮಾತ್ರ ಸ್ವಂತದ್ದೇ ಇರಲಿ ಅಂತ ಆನ್‌ಲೈನಿನಲ್ಲಿ ಹುಡುಕಿದೆ. ‘ವಿಕ್ಟೋರಿಯಾ ಕಾಲದ ಬೀವರ್ ಟೋಪಿ, ಮೀಡಿಯಂ ಸೈಜು, ಅದ್ಭುತ ಸ್ಥಿತಿ’ ಅಂತ ಮಾರುವವನು ಬರೆದಿದ್ದ. ಬಂದದ್ದು ಬೀವರ್ ಅನ್ನುವ ಪ್ರಾಣಿಯ ತುಪ್ಪಳದ್ದಲ್ಲ, ವಿಕ್ಟೋರಿಯಾ ಕಾಲದ್ದಲ್ಲ, ಮೀಡಿಯಂ ಅಂತೂ ಅಲ್ಲವೇ ಅಲ್ಲ. ತಲೆ ಮೇಲೆ ಇಟ್ಟುಕೊಂಡರೆ ತೆಂಗಿನಕಾಯಿ ಮೇಲೆ ಲೋಟ ಬೋರಲು ಹಾಕಿದ ಹಾಗೆ ಕೂತಿತ್ತು. ಸ್ವಲ್ಪ ಒತ್ತಿದರೆ ಇಳಿಯಬಹುದೇನೋ ಅಂತ ಎರಡೂ ಕೈಯಲ್ಲಿ ಒತ್ತಿದೆ. ‘ಟಕ್’ ಅಂತು.

ಒಣಗಿದ ಹಪ್ಪಳ ಮುರಿದಂಥ ಸದ್ದು ಅದು. ಇವತ್ತಿಗೂ ನೆನಪಿದೆ. ಆಮೇಲೆ ನಾಲ್ಕೈದು ಟೋಪಿ ಕೊಂಡಿದ್ದೇನೆ, ಎರಡು ಮಾರಿದ್ದೇನೆ, ಒಂದನ್ನು ಹಾಕಿಕೊಂಡು ಮದುವೆಗಳಿಗೂ ಆಸ್ಕಟ್ ಕುದುರೆ ರೇಸಿಗೂ ಹೋಗಿ ಬಂದಿದ್ದೇನೆ. ನೀವೂ ಬ್ರಿಟನ್ನಿನಲ್ಲೋ ಬೇರೆಲ್ಲೋ ಇದ್ದು ಈ ಹುಚ್ಚು ಹತ್ತಿಸಿಕೊಳ್ಳುವ ಹಾಗಿದ್ದರೆ, ಆ ‘ಟಕ್’ ಕೇಳಿಸಿಕೊಳ್ಳದೆ ಮುಂದೆ ಹೋಗುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಇದು ಏನು ಅಂತ ಗೊತ್ತಿರಲಿ

ರೇಷ್ಮೆ ಟಾಪ್ ಹ್ಯಾಟ್ ಅಂದರೆ ಪೂರ್ತಿ ರೇಷ್ಮೆಯಲ್ಲ. ಒಳಗಿರುವುದು ತೆಳು ಹತ್ತಿಬಟ್ಟೆ, ಅದಕ್ಕೆ ಅರಗು ಕುಡಿಸಿ ಕರಟದ ಹಾಗೆ ಗಟ್ಟಿ ಮಾಡಿರುತ್ತಾರೆ. ಅದರ ಮೇಲೆ ಹ್ಯಾಟರ್ಸ್ ಪ್ಲಶ್ ಅನ್ನುವ ಬಟ್ಟೆ. ವೆಲ್ವೆಟ್ಟಿನ ದೊಡ್ಡಣ್ಣ ಅಂದುಕೊಳ್ಳಿ: ರೇಷ್ಮೆಯ ಉದ್ದ ನವಿರು, ಒಂದೇ ದಿಕ್ಕಿಗೆ ಮಲಗಿಸಿ ಬಿಸಿ ಇಸ್ತ್ರಿ ಹಾಕಿದರೆ ನೀರಿನ ಹಾಗೆ ಹೊಳೆಯುತ್ತದೆ. ಆ ಇಸ್ತ್ರಿಯ ಬಿಸಿಗೇ ಕೆಳಗಿನ ಅರಗು ಕರಗಿ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ.

ಅರಗು ಅಂದ ತಕ್ಷಣ ನಮ್ಮವರಿಗೆ ಚನ್ನಪಟ್ಟಣ ನೆನಪಾಗಬೇಕು. ಬುಗುರಿಗೆ, ಗಿಲಕಿಗೆ ಬಣ್ಣ ಕೂರಿಸುವುದು ಅದೇ ಅರಗು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ, ಅಲ್ವಾ? ಲಂಡನ್ನಿನ ದೊರೆಗಳ ತಲೆ ಮೇಲಿನ ಕರಟವನ್ನು ಗಟ್ಟಿ ಮಾಡಿದ್ದೂ ಅದೇ ಹುಳುವಿನ ಅಂಟು, ಅದರಲ್ಲಿ ಬಹುಪಾಲು ಭಾರತದಿಂದಲೇ ಹಡಗು ಹತ್ತಿ ಹೋಗುತ್ತಿತ್ತು. ಇದನ್ನು ಸುಮ್ನೆ ಕತೆಗೆ ಹೇಳಲಿಲ್ಲ. ಅರಗಿನ ಗುಣ ಗೊತ್ತಿದ್ದರೆ ಟೋಪಿಯ ಅರ್ಧ ಆರೈಕೆ ಗೊತ್ತಾದ ಹಾಗೆ. ಬಿಸಿಗೆ ಮೆತ್ತಗಾಗುತ್ತದೆ. ಸ್ಪಿರಿಟ್ಟಿಗೆ ಕರಗುತ್ತದೆ. ವಯಸ್ಸಾದರೆ ಬಿರುಸಾಗಿ ಒಡೆಯುತ್ತದೆ. ಮೂರೂ ನೆನಪಿಡಿ, ಮುಂದೆ ಬರುತ್ತವೆ.

ಇನ್ನೊಂದು ಮುಖ್ಯ ವಿಷಯ. ಒಳ್ಳೆಯ ಪ್ಲಶ್ ಬರುತ್ತಿದ್ದದ್ದು ಫ್ರಾನ್ಸಿನಿಂದ, ಅದರಲ್ಲೂ ಲಿಯಾನ್ ಕಡೆಯಿಂದ. ಅದನ್ನು ನೇಯುವುದು ನಿಂತು ಎಷ್ಟೋ ದಶಕಗಳಾದವು. ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುವ ಟಾಪ್ ಹ್ಯಾಟ್‌ಗಳಲ್ಲಿ ಹೆಚ್ಚಿನವು ಮೊಲದ ತುಪ್ಪಳದ ಫೆಲ್ಟ್ (ನೇಯದೆ, ಕೂದಲನ್ನು ಒತ್ತಿ ಮಾಡಿದ ಬಟ್ಟೆ) ಅಥವಾ ಉಣ್ಣೆಯ ಫೆಲ್ಟ್. ರೇಷ್ಮೆಯದು ಬೇಕಂದರೆ ಹಳೆಯದೇ ಗತಿ. ನವಿರು ಉದುರಿದ ಜಾಗಕ್ಕೆ ತೇಪೆ ಹಾಕುವುದಕ್ಕೂ ಸತ್ತ ಇನ್ನೊಂದು ಟೋಪಿಯಿಂದಲೇ ಬಟ್ಟೆ ಕಿತ್ತು ತರಬೇಕು. ಹಾಗಾಗಿ ಒಡೆದ ಟೋಪಿಯನ್ನೂ ಕಸಕ್ಕೆ ಎಸೆಯಬೇಡಿ, ರಿಪೇರಿ ಮಾಡುವವರು ಕೊಳ್ಳುತ್ತಾರೆ. ನನ್ನ ‘ಟಕ್’ ಟೋಪಿ ಹೋದದ್ದೂ ಹಾಗೇ.

ನಿಮಗೆ ಟಾಪ್ ಹ್ಯಾಟ್ ಬೇಕಿರುವುದು ಒಂದೇ ಒಂದು ಮದುವೆಗೆ ಅಂತಾದರೆ ಬಾಡಿಗೆಗೆ ಫೆಲ್ಟಿನದು ತನ್ನಿ. ಅದರಲ್ಲಿ ಏನೂ ಅವಮಾನ ಇಲ್ಲ. ಮುಂದಿನದು ಓದಿದರೆ ಖರ್ಚು ಖಚಿತ.

ತಲೆ ಅಳೆಯಿರಿ

ಟೋಪಿ ನೋಡುವ ಮೊದಲು ತಲೆ ನೋಡಿಕೊಳ್ಳಬೇಕು. ಮೈಸೂರು ಪೇಟದ ಹಾಗಲ್ಲ ಇದು, ತಲೆಗೆ ತಕ್ಕ ಹಾಗೆ ಸುತ್ತಿಕೊಳ್ಳಲು ಬರುವುದಿಲ್ಲ. ಒಂದು ಸೆಂಟಿಮೀಟರ್ ಚಿಕ್ಕದಾದರೆ ಹಣೆ ಮೇಲೆ ಕೆಂಪು ಗೆರೆ, ತಲೆನೋವು. ಎರಡು ಸೆಂಟಿಮೀಟರ್ ಚಿಕ್ಕದಾದರೆ ನನ್ನ ಕತೆ.

ದರ್ಜಿಯ ಟೇಪು ತಗೊಂಡು ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು, ಕಿವಿಯ ಮೇಲಿಂದ, ಹಿಂಬದಿಯ ಉಬ್ಬಿನ ಸುತ್ತ ಅಳೆಯಿರಿ. ಮೂರು ಸಲ ಅಳೆದು ದೊಡ್ಡದನ್ನೇ ಹಿಡಿಯಿರಿ. 57 ಸೆಂಟಿಮೀಟರ್ ಬಂದರೆ ಬ್ರಿಟಿಷ್ ಲೆಕ್ಕದಲ್ಲಿ 7. 55 ಅಂದರೆ ಆರೂಮುಕ್ಕಾಲು. 59 ಅಂದರೆ ಏಳೂಕಾಲು. ಅಮೆರಿಕದ ಟೋಪಿಯಾದರೆ ಅಂಕಿ ಅರೆಕಾಲು ಜಾಸ್ತಿ ಇರುತ್ತದೆ, ಅಂದರೆ ಅದೇ 57ಕ್ಕೆ ಅವರು 7ರ ಮೇಲೆ ಎಂಟನೇ ಒಂದು ಭಾಗ ಸೇರಿಸಿ ಬರೆಯುತ್ತಾರೆ. ಟೋಪಿ ಎಲ್ಲಿಯದು ಅಂತ ಗೊತ್ತಿಲ್ಲದೆ ಬರೀ ‘7’ ನೋಡಿ ಕೊಂಡರೆ ಇಲ್ಲೇ ಎಡವುತ್ತೀರಿ.

ಹಳೇ ಟೋಪಿಗಳಲ್ಲಿ ಹೆಚ್ಚಿನವು ಚಿಕ್ಕವು. 54, 55, 56 ಬೇಕಾದಷ್ಟು ಸಿಗುತ್ತವೆ. 58 ದಾಟಿದರೆ ಕಷ್ಟ, 60ರ ತಲೆಯವರು ಪುಣ್ಯವಂತರಲ್ಲ, ಹಣವಂತರಾಗಿರಬೇಕು. ಒಂದೇ ಗುಣಮಟ್ಟದ ಎರಡು ಟೋಪಿಯಲ್ಲಿ ದೊಡ್ಡದರ ಬೆಲೆ ಚಿಕ್ಕದರ ಹಲವು ಪಟ್ಟು ಇರುವುದು ಮಾಮೂಲಿ. ಕಾರಣ ಸರಳ: ಚಿಕ್ಕದನ್ನು ಕಪಾಟಿನಲ್ಲಿ ಇಡಬಹುದು, ದೊಡ್ಡದನ್ನು ಹಾಕಿಕೊಳ್ಳಬಹುದು.

ಮಾರುವವರು ಸೈಜು ಹೇಳದಿದ್ದರೆ, ಅಥವಾ ‘ಮೀಡಿಯಂ’ ಅಂದರೆ, ಎರಡು ಅಳತೆ ಕೇಳಿ. ಒಳಗಿನ ಚರ್ಮದ ಪಟ್ಟಿಯಿಂದ ಪಟ್ಟಿಗೆ, ಮುಂದಿನಿಂದ ಹಿಂದಕ್ಕೆ ಎಷ್ಟು, ಎಡದಿಂದ ಬಲಕ್ಕೆ ಎಷ್ಟು. ಎರಡನ್ನೂ ಕೂಡಿಸಿ, ಅರ್ಧ ಮಾಡಿ, 3.14ರಿಂದ ಗುಣಿಸಿ. ಉದ್ದ 20, ಅಗಲ 16.2 ಸೆಂಟಿಮೀಟರ್ ಅಂದುಕೊಳ್ಳಿ. ಕೂಡಿಸಿದರೆ 36.2, ಅರ್ಧ 18.1, ಗುಣಿಸಿದರೆ ಹೆಚ್ಚುಕಡಿಮೆ 57. ಈ ಎರಡು ಅಳತೆ ಕೊಡಲು ಒಪ್ಪದವರ ಹತ್ತಿರ ನಾನು ಏನೂ ಕೊಳ್ಳುವುದಿಲ್ಲ.

ಎರಡು ಅಳತೆ ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಸುತ್ತಳತೆ ಒಂದೇ ಆದರೂ ತಲೆಗಳ ಆಕಾರ ಬೇರೆ. ಕೆಲವರದು ಮಾವಿನಕಾಯಿಯ ಹಾಗೆ ಉದ್ದ, ಕೆಲವರದು ಮೂಸಂಬಿಯ ಹಾಗೆ ಗುಂಡು. ಗುಂಡು ತಲೆಯವರು ಉದ್ದ ಟೋಪಿ ಹಾಕಿದರೆ ಕಣತದ ಹತ್ತಿರ ಒತ್ತುತ್ತದೆ, ಮುಂದೆ ಹಿಂದೆ ಸಂದಿ ಉಳಿಯುತ್ತದೆ. 19ನೇ ಶತಮಾನದ ಪ್ಯಾರಿಸ್ಸಿನವರು ಇದಕ್ಕಾಗಿ ಕನ್‌ಫರ್ಮಟರ್ ಅಂತ ಒಂದು ಯಂತ್ರವನ್ನೇ ಮಾಡಿದರು. ನೋಡಲು ಪಿಯಾನೋದ ಕೀಲಿಗಳಿಂದ ಮಾಡಿದ ಕಿರೀಟದ ಹಾಗಿರುತ್ತದೆ. ತಲೆ ಮೇಲೆ ಇಟ್ಟರೆ ಕಡ್ಡಿಗಳು ತಲೆಯ ಉಬ್ಬುತಗ್ಗಿಗೆ ತಕ್ಕಂತೆ ಸರಿಯುತ್ತವೆ, ಮೇಲೆ ಸಿಕ್ಕಿಸಿದ ಚಿಕ್ಕ ಕಾಗದದಲ್ಲಿ ಸೂಜಿಗಳು ಆ ಆಕಾರವನ್ನೇ ಸಣ್ಣದಾಗಿ ಚುಚ್ಚುತ್ತವೆ. ಆ ಕಾಗದ ನೋಡಿಕೊಂಡು ಟೋಪಿಯ ಒಳಭಾಗವನ್ನು ಬಿಸಿ ಮಾಡಿ ತಿದ್ದುತ್ತಾರೆ. ಲಂಡನ್ನಿನ ಸೇಂಟ್ ಜೇಮ್ಸ್ ಸ್ಟ್ರೀಟಿನಲ್ಲಿ 1676ರಿಂದ ಇರುವ ಲಾಕ್ ಅಂಗಡಿಯಲ್ಲಿ ಈ ಯಂತ್ರ ಇದೆ. ಟೋಪಿ ಕೊಳ್ಳದಿದ್ದರೂ ಒಮ್ಮೆ ಹೋಗಿ ನೋಡಿ ಬನ್ನಿ.

ಎಲ್ಲಿ ಹುಡುಕುವುದು

ಮೂರು ದಾರಿ. ಹಳೇ ಟೋಪಿಗಳನ್ನು ರಿಪೇರಿ ಮಾಡಿ, ಇಸ್ತ್ರಿ ಹಾಕಿ, ತಲೆಗೆ ಕೂರಿಸಿ ಕೊಡುವ ತಜ್ಞ ಅಂಗಡಿಗಳು ಮೊದಲನೆಯದು. ಬೆಲೆ ನೂರಾರು ಪೌಂಡಿನಿಂದ ಶುರುವಾಗಿ ದೊಡ್ಡ ತಲೆಗೆ ಸಾವಿರ ದಾಟುತ್ತದೆ. ಹಾಕಿಕೊಳ್ಳಲೇ ಬೇಕು, ತಲೆಬೇನೆ ಬೇಡ ಅನ್ನುವವರಿಗೆ ಇದೇ ಸರಿ. ಎರಡನೆಯದು ಸಂತೆಗಳು. ಲಂಡನ್ನಿನಲ್ಲಿ ಪೋರ್ಟೊಬೆಲ್ಲೊ ರೋಡಿಗೆ ಶನಿವಾರ ಹೋಗಬೇಕು, ಬರ್ಮಂಡ್ಸಿಗೆ ಶುಕ್ರವಾರ ಬೆಳಗ್ಗೆ ಬೇಗ. ಮೂರನೆಯದು ಆನ್‌ಲೈನ್ ಹರಾಜು. ಅಗ್ಗ, ಆದರೆ ಕೈಯಲ್ಲಿ ಮುಟ್ಟಿ ನೋಡುವ ಹಾಗಿಲ್ಲ.

ನನ್ನ ಈಗಿನ ಟೋಪಿ ಸಿಕ್ಕಿದ್ದು ಶನಿವಾರದ ಸಂತೆಯಲ್ಲಿ. ಹಿತ್ತಾಳೆ ಗಂಟೆಗಳ ರಾಶಿಯ ಹಿಂದೆ ಬಕೆಟ್ಟಿನ ಆಕಾರದ ಚರ್ಮದ ಪೆಟ್ಟಿಯೊಂದು ಕೂತಿತ್ತು. ಮಾರುವ ಹೆಂಗಸಿಗೆ ಪೆಟ್ಟಿಯ ಮೇಲೇ ಆಸೆ, ಒಳಗಿನ ಟೋಪಿ ಬೋನಸ್ ಅನ್ನುವ ಹಾಗೆ ಬೆಲೆ ಹೇಳಿದರು. ಬೆಳಗಿನ ಚಳಿಗೆ ಕೈ ಮರಗಟ್ಟಿತ್ತು, ಪೆಟ್ಟಿಯ ಬಕ್ಕಲ್ ಬಿಚ್ಚಲೇ ಎರಡು ನಿಮಿಷ ಬೇಕಾಯಿತು. ಟೋಪಿ ತೆಗೆದಾಗ ಮೇಲಿನ ತಟ್ಟೆಯಲ್ಲಿ ಆಕಾಶ ಕಂಡಿತು. ಉತ್ಪ್ರೇಕ್ಷೆ ಅಲ್ಲ, ಮೋಡದ ಬಿಳುಪು ಆ ಕಪ್ಪಿನಲ್ಲಿ ಸುಳಿ ಸುಳಿಯಾಗಿ ಹರಡಿತ್ತು. ಅಸ್ತರಿನ ಮೇಲೆ ಚಿನ್ನದ ಬಣ್ಣದ ಎರಡು ಅಕ್ಷರ, ಯಾರದೋ ಹೆಸರಿನ ಮೊದಲಕ್ಷರಗಳು. ಖುಷಿಯನ್ನು ಮುಖದಲ್ಲಿ ತೋರಿಸಬಾರದು ಅಂತ ಒಂದು ಹಿತ್ತಾಳೆ ಗಂಟೆಯ ಬೆಲೆಯನ್ನೂ ಕೇಳಿದೆ. ಅವರು ನಕ್ಕರು. ಗೊತ್ತಾಗಿರಬೇಕು.

ಕೈಯಲ್ಲಿ ಹಿಡಿದಾಗ ಏನೇನು ನೋಡಬೇಕು

ಹಿಡಿಯುವುದೇ ಮೊದಲ ಪಾಠ. ಮೇಲಿನ ಕೊಳವೆಯನ್ನು ಬೆರಳಿನಿಂದ ಚಿವುಟಿ ಎತ್ತಬೇಡಿ. ಅಂಚನ್ನು ಎರಡೂ ಕೈಯಲ್ಲಿ ಹಗುರವಾಗಿ ಹಿಡಿದು ಎತ್ತಿ, ಪೂಜೆಯ ತಟ್ಟೆ ಹಿಡಿದ ಹಾಗೆ.

ಇದು ನಿಜವಾಗಿ ರೇಷ್ಮೆಯೋ ಅಂತ ನೋಡಿ. ನವಿರನ್ನು ಉಗುರಿನಿಂದ ಮೆಲ್ಲಗೆ ಬೇರ್ಪಡಿಸಿದರೆ ಬುಡದಲ್ಲಿ ನೇಯ್ದ ಎಳೆ ಕಾಣಬೇಕು. ಫೆಲ್ಟ್ ಆದರೆ ನೇಯ್ಗೆ ಇರುವುದಿಲ್ಲ, ಬರೀ ಒತ್ತಿದ ಕೂದಲು. ಆಮೇಲೆ ಪಕ್ಕದಲ್ಲಿ ಮೇಲಿನಿಂದ ಕೆಳಗೆ ಓರೆಯಾಗಿ ಒಂದು ಜೋಡಣೆಯ ಗೆರೆ ಹುಡುಕಿ. ಒಳ್ಳೆ ಕೆಲಸಗಾರ ಮಾಡಿದ್ದರೆ ಅದು ಸುಲಭಕ್ಕೆ ಕಾಣುವುದಿಲ್ಲ, ಬೆಳಕಿಗೆ ಹಿಡಿದು ತಿರುಗಿಸಬೇಕು. ಫೆಲ್ಟ್ ಒಂದೇ ತುಂಡಾದ್ದರಿಂದ ಅದಕ್ಕೆ ಈ ಗೆರೆ ಇರುವುದಿಲ್ಲ. ಮೆಲೂಸಿನ್ ಅಂತ ಒಂದು ಫೆಲ್ಟ್ ಇದೆ, ಉದ್ದ ಕೂದಲಿನದು, ದೂರದಿಂದ ರೇಷ್ಮೆಯ ಹಾಗೇ ಮಿರುಗುತ್ತದೆ. ಹತ್ತಿರ ಹೋದರೆ ಬೆಕ್ಕಿನ ಮೈ.

ಬೀವರ್ ಅನ್ನುವ ಮಾತಿಗೆ ಮರುಳಾಗಬೇಡಿ. ಬೀವರ್ ತುಪ್ಪಳದ ಟೋಪಿಗಳು ರೇಷ್ಮೆಗಿಂತ ಹಿಂದಿನವು. 1850ರಲ್ಲಿ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ರೇಷ್ಮೆ ಟೋಪಿ ಹಾಕಲು ಶುರುಮಾಡಿದ ಮೇಲಂತೂ ಬೀವರ್ ಮೂಲೆಗೆ ಬಿತ್ತು. ಇವತ್ತು ‘ಬೀವರ್’ ಅಂತ ಮಾರುವ ಹೊಳೆಯುವ ಕಪ್ಪು ಟೋಪಿಗಳಲ್ಲಿ ಹೆಚ್ಚಿನವು ರೇಷ್ಮೆಯೇ. ಮಾರುವವರಿಗೂ ಗೊತ್ತಿರುವುದಿಲ್ಲ, ಮೋಸ ಅನ್ನಲಾರೆ. ಒಂದು ಎಚ್ಚರಿಕೆ ಮಾತ್ರ: ತುಪ್ಪಳವನ್ನು ಫೆಲ್ಟ್ ಮಾಡಲು ಆ ಕಾಲದಲ್ಲಿ ಪಾದರಸ ಬಳಸುತ್ತಿದ್ದರು. ಕೆಲಸಗಾರರ ಕೈ ನಡುಗುತ್ತಿತ್ತು, ಬುದ್ಧಿ ಕೆಡುತ್ತಿತ್ತು. ನಿಜವಾದ ಹಳೇ ತುಪ್ಪಳದ ಟೋಪಿ ಸಿಕ್ಕಿದರೆ ಗಾಜಿನ ಪೆಟ್ಟಿಯಲ್ಲಿಡಿ, ತಲೆಗೆ ಬೇಡ. ರೇಷ್ಮೆ ಪ್ಲಶ್ಶಿಗೆ ಈ ಪಾದರಸದ ಕಾಟ ಇಲ್ಲ.

ಮಡಚುವ ಟೋಪಿಯೂ ಬೇರೆ ಜಾತಿ. ಅಂಗೈಯಿಂದ ಒತ್ತಿದರೆ ಚಪಾತಿಯ ಹಾಗೆ ಚಪ್ಪಟೆಯಾಗಿ, ತಟ್ಟಿದರೆ ‘ಟಪ್’ ಅಂತ ಎದ್ದು ನಿಲ್ಲುತ್ತದಲ್ಲ, ಅದು ಆಪೆರಾ ಹ್ಯಾಟ್. ಪ್ಯಾರಿಸ್ಸಿನ ಗಿಬುಸ್ ಅನ್ನುವವರ ಹೆಸರಿನಿಂದ ಗಿಬುಸ್ ಅಂತಲೂ ಕರೆಯುತ್ತಾರೆ. ನಾಟಕಶಾಲೆಯಲ್ಲಿ ಸೀಟಿನ ಕೆಳಗೆ ಇಡಲು ಮಾಡಿದ್ದು. ಒಳಗೆ ಸ್ಪ್ರಿಂಗು, ಮೇಲೆ ಸ್ಯಾಟಿನ್ ಅಥವಾ ಗೀರು ಗೀರಾದ ರೇಷ್ಮೆ ಬಟ್ಟೆ, ಪ್ಲಶ್ ಅಲ್ಲ. ರಾತ್ರಿಯ ಉಡುಪಿಗೆ ಚೆನ್ನ, ಹಗಲಿನ ಮದುವೆಗೆ ಹೊಂದುವುದಿಲ್ಲ. ಬ್ರಿಟಿಷ್ ಸಂಸತ್ತಿನಲ್ಲಿ ಮತ ಹಾಕುವ ಹೊತ್ತಿನಲ್ಲಿ ಯಾರಾದರೂ ಕ್ರಿಯಾಲೋಪ ಎತ್ತಬೇಕಾದರೆ ಕೂತುಕೊಂಡೇ, ತಲೆ ಮೇಲೆ ಟೋಪಿ ಇಟ್ಟುಕೊಂಡೇ ಮಾತಾಡಬೇಕಿತ್ತು. ಅದಕ್ಕಂತಲೇ ಒಂದು ಮಡಚುವ ಟೋಪಿಯನ್ನು ಸದನದಲ್ಲಿ ಇಟ್ಟಿರುತ್ತಿದ್ದರು, ಬೇಕಾದವರ ಕೈಗೆ ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದರು. 1998ರಲ್ಲಿ ಈ ಪದ್ಧತಿ ನಿಲ್ಲಿಸಿದರು. ನಮ್ಮ ವಿಧಾನಸಭೆಗೆ ಇಂಥದ್ದೊಂದು ತಂದರೆ ಚೆನ್ನಾಗಿರುತ್ತಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಈಗ ಮುಖ್ಯ ಪರೀಕ್ಷೆ, ಬಿರುಕು. ಮೂರು ಕಡೆ ನೋಡಬೇಕು. ಮೇಲಿನ ತಟ್ಟೆ ಪಕ್ಕದ ಗೋಡೆಗೆ ಸೇರುವ ಸುತ್ತಂಚು, ಗೋಡೆ ಕೆಳಗಿನ ಅಂಚಿಗೆ ಸೇರುವ ಜಾಗ, ಅಂಚಿನ ಮುಂಭಾಗ. ಮಾಲೀಕರ ಒಪ್ಪಿಗೆ ಕೇಳಿ, ಬೆರಳಿನ ತುದಿಯಿಂದ ಹಗುರಕ್ಕೆ ತಡವುತ್ತಾ ಹೋಗಿ. ಗಟ್ಟಿ ಕರಟದಲ್ಲಿ ಎಲ್ಲೋ ಒಂದು ಕಡೆ ರಟ್ಟು ಬಾಗಿದ ಹಾಗೆ ಮೆತ್ತಗೆ ಒಳಗೆ ಹೋದರೆ, ಅಥವಾ ಸಣ್ಣಗೆ ಕಟಕಟ ಅಂದರೆ, ಅಲ್ಲಿ ಅರಗು ಒಡೆದಿದೆ. ಹೊರಗಿನ ರೇಷ್ಮೆ ಹಾಗೇ ಇರುತ್ತದೆ, ಫೋಟೋದಲ್ಲಿ ಏನೂ ಕಾಣುವುದಿಲ್ಲ. ಒಂದು ಚಿಕ್ಕ ಬಿರುಕನ್ನು ಒಳ್ಳೆ ರಿಪೇರಿಯವರು ಬಿಸಿ ಮಾಡಿ ಕೂಡಿಸುತ್ತಾರೆ. ಸುತ್ತಲೂ ಬಿರುಕಿದ್ದರೆ ಬಿಡಿ.

ನವಿರು ಬೋಳಾಗುವುದು ಸುತ್ತಂಚಿನಲ್ಲಿ. ಅಲ್ಲಿ ಒಂದಿಷ್ಟು ಸವೆದಿರುವುದು ಸಹಜ, ನೂರು ವರ್ಷದ ಹತ್ತಿರ ಆಯಿತಲ್ಲ. ಆದರೆ ಕೆಲವರು ಬೋಳನ್ನು ಕಪ್ಪು ಮಾರ್ಕರ್, ಶೂ ಪಾಲಿಶ್ ಬಳಿದು ಮುಚ್ಚುತ್ತಾರೆ. ಬಿಳೀ ಕರ್ಚೀಫಿನಿಂದ ಒಮ್ಮೆ ಒರೆಸಿ ನೋಡಿ. ಕರ್ಚೀಫು ಕಪ್ಪಾದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯಿರಿ.

ಚರ್ಮದ ಒಳಪಟ್ಟಿ ಹರಿದಿದ್ದರೆ, ಸುತ್ತಿನ ರಿಬ್ಬನ್ ಬಣ್ಣಗೆಟ್ಟಿದ್ದರೆ ಹೆದರಬೇಡಿ, ಬದಲಾಯಿಸಬಹುದು. ಅವನ್ನು ತೋರಿಸಿ ಚೌಕಾಸಿ ಮಾಡಿ.

ಎಷ್ಟು ಹಳೆಯದು?

ಲೇಬಲ್ಲು ಓದಲು ಕಲಿತರೆ ಅರ್ಧ ಮೋಸ ತಪ್ಪುತ್ತದೆ. ನನ್ನ ಮೊದಲ ಟೋಪಿಯ ಅಸ್ತರಿನಲ್ಲಿ ಅಂಗಡಿ ಹೆಸರಿನ ಕೆಳಗೆ ‘ಲಂಡನ್ ಡಬ್ಲ್ಯು 1’ ಅಂತಿತ್ತು. ಲಂಡನ್ನಿನ ಅಂಚೆ ವಲಯಗಳಿಗೆ ಹೀಗೆ ಅಂಕಿ ಸೇರಿಸಿದ್ದು 1917ರಲ್ಲಿ. ವಿಕ್ಟೋರಿಯಾ ತೀರಿಕೊಂಡದ್ದು 1901ರಲ್ಲಿ. ಲೆಕ್ಕ ನೀವೇ ಹಾಕಿ. ಬರೀ ‘ಡಬ್ಲ್ಯು’ ಇದ್ದು ಅಂಕಿ ಇಲ್ಲದಿದ್ದರೆ ಅದಕ್ಕಿಂತ ಹಳೆಯದಿರುವ ಸಾಧ್ಯತೆ ಹೆಚ್ಚು.

ಅರಮನೆಗೆ ಟೋಪಿ ಒದಗಿಸುವ ಅಂಗಡಿಯ ಲೇಬಲ್ಲಾದರೆ ರಾಜಮುದ್ರೆಯ ಕೆಳಗಿನ ಒಕ್ಕಣೆಯೂ ಸುಳಿವು ಕೊಡುತ್ತದೆ. ‘ದೊರೆಯವರಿಗೆ’ ಅಂತಿದ್ದರೆ 1901ರಿಂದ 1952ರ ನಡುವಿನದು ಅಂತ ಹೆಚ್ಚುಕಡಿಮೆ ಹೇಳಬಹುದು. ಪದಕಗಳ ಚಿತ್ರ ನೋಡಿ ಮಾತ್ರ ಹಿಗ್ಗಬೇಡಿ. 1851ರ ಲಂಡನ್ ಮಹಾಪ್ರದರ್ಶನದ ಪದಕ ಅಚ್ಚಾಗಿದ್ದರೆ ಟೋಪಿ 1851ರದ್ದು ಅಂತಲ್ಲ, ಕಂಪನಿ ಆ ಪದಕವನ್ನು ಮುಂದೆ ಎಷ್ಟು ವರ್ಷ ಬೇಕಾದರೂ ಹಾಕಿಕೊಂಡಿರಬಹುದು. ನಮ್ಮೂರ ಸ್ವೀಟ್ ಅಂಗಡಿ ಬೋರ್ಡಿನಲ್ಲಿ ‘ಸ್ಥಾಪನೆ’ ಅಂತ ಹಳೇ ಇಸವಿ ಇದ್ದ ಮಾತ್ರಕ್ಕೆ ಒಳಗಿನ ಜಹಾಂಗೀರ್ ಅಷ್ಟು ಹಳೆಯದೇ?

ಆಕಾರವೂ ಮಾತಾಡುತ್ತದೆ. ಹೊಗೆ ಕೊಳವೆಯ ಹಾಗೆ ನೆಟ್ಟಗೆ ಎತ್ತರವಾಗಿರುವುದು 19ನೇ ಶತಮಾನದ ನಡುಭಾಗದ ಶೈಲಿ. ಅಬ್ರಹಾಂ ಲಿಂಕನ್ ಹಾಕುತ್ತಿದ್ದದ್ದು ಅಂಥದ್ದು. 1865ರಲ್ಲಿ ಗುಂಡೇಟು ಬಿದ್ದ ರಾತ್ರಿ ಅವರು ತೊಟ್ಟಿದ್ದ ಟೋಪಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅದರ ಸುತ್ತ ಅಗಲವಾದ ಕಪ್ಪು ಪಟ್ಟಿ ಇದೆ, ತೀರಿಕೊಂಡ ಮಗ ವಿಲ್ಲಿಗಾಗಿ ಕಟ್ಟಿಸಿದ ಶೋಕದ ಪಟ್ಟಿ. ನಿಮಗೆ ಸಿಗುವ ಟೋಪಿಯಲ್ಲೂ ಹೀಗೆ ಅಗಲ ಬಟ್ಟೆಪಟ್ಟಿ ಇದ್ದರೆ ಯಾರೋ ಯಾರಿಗೋ ದುಃಖಪಟ್ಟದ್ದು ಅಂತ ತಿಳಿಯಿರಿ, ಕಿತ್ತು ಎಸೆಯಬೇಡಿ. 20ನೇ ಶತಮಾನದವು ಕುಳ್ಳಗಾದವು, 13–14 ಸೆಂಟಿಮೀಟರ್ ಎತ್ತರ, ನಡು ಸ್ವಲ್ಪ ಒಳಗೆ ಹೋಗಿ ಮೇಲೆ ಅಗಲ. ಹಾಕಿಕೊಳ್ಳಲು ಕೊಳ್ಳುವವರಿಗೆ ಇವೇ ಲೇಸು. ಹೆಚ್ಚು ಎತ್ತರದ್ದು ಇವತ್ತಿನ ಕೋಟಿನ ಮೇಲೆ ನಾಟಕದ ವೇಷದ ಹಾಗೆ ಕಾಣುತ್ತದೆ.

ಲಿಂಕನ್ ಬೆನೆಟ್, ಹೆನ್ರಿ ಹೀತ್, ಸ್ಕಾಟ್ಸ್, ಕ್ರಿಸ್ಟೀಸ್, ಲಾಕ್ ಇವೆಲ್ಲ ಟೋಪಿ ಅಂಗಡಿಗಳಲ್ಲಿ ಒಳ್ಳೆಯ ಹೆಸರುಗಳು. ಹೆಸರು ಇದ್ದರೆ ಬೆಲೆ ಜಾಸ್ತಿ. ಆದರೆ ದೊಡ್ಡ ಹೆಸರಿನ ಒಡೆದ ಟೋಪಿಗಿಂತ ಹೆಸರೇ ಇಲ್ಲದ ಗಟ್ಟಿ ಟೋಪಿ ಮೇಲು. ಈ ವಿಷಯದಲ್ಲಿ ಸಂಗ್ರಾಹಕ ಗೆಳೆಯರ ಜೊತೆ ನನಗೆ ಜಗಳವೇ ಆಗಿದೆ.

ಮನೆಗೆ ತಂದ ಮೇಲೆ

ಮೊದಲ ದಿನ ಏನೂ ಮಾಡಬೇಡಿ. ಆಮೇಲೆ ಮೆತ್ತನೆ ಬ್ರಶ್ ತಗೊಂಡು ಧೂಳು ತೆಗೆಯಿರಿ. ನವಿರು ಯಾವ ಕಡೆ ಮಲಗಿದೆ ಅಂತ ಬೆರಳಿನಿಂದ ನೋಡಿಕೊಳ್ಳಿ: ಒಂದು ಕಡೆ ತಡವಿದರೆ ಜಾರುತ್ತದೆ, ಇನ್ನೊಂದು ಕಡೆ ತಡೆಯುತ್ತದೆ. ಜಾರುವ ಕಡೆಗೇ ಸುತ್ತಲೂ ಬ್ರಶ್ ಮಾಡಬೇಕು. ಮೇಲಿನಿಂದ ನೋಡಿದರೆ ಸಾಮಾನ್ಯವಾಗಿ ಅದು ಅಪ್ರದಕ್ಷಿಣೆ. ದೇವರಿಗೆ ಪ್ರದಕ್ಷಿಣೆ, ಟೋಪಿಗೆ ಅಪ್ರದಕ್ಷಿಣೆ ಅಂತ ನೆನಪಿಟ್ಟುಕೊಂಡಿದ್ದೇನೆ. ಮೇಲಿನ ತಟ್ಟೆಯಲ್ಲೂ ಸುಳಿಯ ದಿಕ್ಕಿನಲ್ಲೇ. ಕೊನೆಗೆ ಹಳೇ ರೇಷ್ಮೆ ಬಟ್ಟೆಯಿಂದಲೋ ವೆಲ್ವೆಟ್ ತುಂಡಿನಿಂದಲೋ ಅದೇ ದಿಕ್ಕಿಗೆ ನೀವಿದರೆ ಹೊಳಪು ಬರುತ್ತದೆ. ನಾನು ಬಳಸುವುದು ಅಮ್ಮನ ಹಳೇ ಮೈಸೂರು ಸಿಲ್ಕ್ ರವಿಕೆಯ ಚೂರು. ಯಾವ ದುಬಾರಿ ಪ್ಯಾಡೂ ಇದರ ಮುಂದೆ ಇಲ್ಲ.

ಮಂಕಾಗಿದ್ದರೆ ಕೆಟಲ್ಲಿನ ಆವಿಯನ್ನು ಒಂದಡಿ ದೂರದಿಂದ, ಎರಡು ಸೆಕೆಂಡು ತೋರಿಸಿ, ತಕ್ಷಣ ಬ್ರಶ್ ಮಾಡಿ. ಹೆಚ್ಚು ಹೊತ್ತು ಹಿಡಿದರೆ ಅರಗು ಮೆತ್ತಗಾಗಿ ಆಕಾರ ಹೋಗುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ನೀವಾಗಿ ಮುಟ್ಟಿಸಬೇಡಿ, ಅದು ಕಸುಬುದಾರರ ಕೆಲಸ. ಕಲೆ ತೆಗೆಯಲು ಸ್ಪಿರಿಟ್, ಸ್ಯಾನಿಟೈಸರ್, ಸೆಂಟು ಏನೂ ಸೋಕಬಾರದು.

ಸ್ವಲ್ಪ ದೊಡ್ಡದಾಯಿತಾ? ಚರ್ಮದ ಒಳಪಟ್ಟಿಯ ಹಿಂದೆ ತೆಳು ಫೋಮ್ ಪಟ್ಟಿ ತೂರಿಸಿ. ಫೋಮ್ ಇಲ್ಲದಿದ್ದರೆ ಪೇಪರ್ ಮಡಚಿ ಇಡಿ, ಹಿಂದಿನವರೂ ಹಾಗೇ ಮಾಡುತ್ತಿದ್ದರು. ನನ್ನದರೊಳಗೆ ಮಡಚಿದ ಹಳೇ ಸುದ್ದಿಪತ್ರಿಕೆ ಸಿಕ್ಕಿತು, ಹಿಟ್ಟಿನ ಹಾಗೆ ಪುಡಿಪುಡಿ. ಚಿಕ್ಕದಾದರೆ ಮಾತ್ರ ಮನೆಯಲ್ಲಿ ಎಳೆದು ಹಿಗ್ಗಿಸಲು ಹೋಗಬೇಡಿ. ಟೋಪಿ ಹಿಗ್ಗಿಸುವ ಮರದ ಸಾಧನ ಆನ್‌ಲೈನಿನಲ್ಲಿ ಸಿಗುತ್ತದೆ. ಅದು ಫೆಲ್ಟಿಗೆ ಮಾತ್ರ.

ಹಾಕಿಕೊಳ್ಳುವುದು

ಮುಖ್ಯವಾಗಿ ನಮ್ಮವರಿಗೆ ಹೇಳುವ ಮಾತು: ತಲೆಗೆ ಎಣ್ಣೆ ಹಚ್ಚಿದ ದಿನ ಟೋಪಿ ಬೇಡ. ಕೊಬ್ಬರಿ ಎಣ್ಣೆ ಚರ್ಮದ ಪಟ್ಟಿಯೊಳಗೆ ಇಳಿದು, ಅಲ್ಲಿಂದ ಬಟ್ಟೆಗೆ ಹತ್ತಿ, ಹೊರಗಿನ ರಿಬ್ಬನ್ ಮೇಲೆ ನಕ್ಷೆ ಬಿಡಿಸುತ್ತದೆ. ಹಣೆಯ ಕುಂಕುಮ, ವಿಭೂತಿಯೂ ಪಟ್ಟಿಗೆ ಹತ್ತುತ್ತದೆ, ಒರೆಸಿಕೊಂಡು ಹಾಕಿ ಅಥವಾ ಕುಂಕುಮವನ್ನು ಸ್ವಲ್ಪ ಕೆಳಗೆ ಇಟ್ಟುಕೊಳ್ಳಿ.

ಎರಡೂ ಕೈಯಿಂದ ಅಂಚು ಹಿಡಿದು, ಮುಂದಿನಿಂದ ಹಿಂದಕ್ಕೆ ಇಳಿಸಿ. ಹಣೆಯ ನಡುವಿಗೆ ಬರಬೇಕು, ನೆಟ್ಟಗೆ ಕೂರಬೇಕು. ಕೂದಲಷ್ಟು ಮುಂದಕ್ಕೆ, ಕೂದಲಷ್ಟು ಪಕ್ಕಕ್ಕೆ ಓರೆಯಾದರೆ ಚಂದ. ಹಿಂದಕ್ಕೆ ಸರಿಸಿದಿರೋ ಜಾದೂಗಾರ. ಮೊದಲ ಸಲ ವಿಡಿಯೋ ಕಾಲಿನಲ್ಲಿ ತೋರಿಸಿದಾಗ ಅಮ್ಮ ಕೇಳಿದ್ದೇ ಅದು, ‘ಮೊಲ ಎಲ್ಲಿ?’

ಯಾವುದರ ಜೊತೆಗೆ? ಹಗಲಿಗೆ ಮಾರ್ನಿಂಗ್ ಕೋಟು, ರಾತ್ರಿಗೆ ಬಿಳೀ ಬೋ ಕಟ್ಟುವ ಟೇಲ್ ಕೋಟು. ಡಿನ್ನರ್ ಜಾಕೆಟ್ ಜೊತೆಗೆ ಬೇಡ, ಮಾಮೂಲಿ ಸೂಟಿನ ಜೊತೆಗಂತೂ ಬೇಡವೇ ಬೇಡ. ಬಂದ್‌ಗಲಾ ಜೊತೆ ಹಾಕಿದ ಒಬ್ಬರನ್ನು ನೋಡಿದೆ. ಧೈರ್ಯ ಮೆಚ್ಚಿದೆ, ಟೋಪಿಯನ್ನಲ್ಲ. ಪ್ರತಿ ಜೂನ್‌ನಲ್ಲಿ ನಡೆಯುವ ರಾಯಲ್ ಆಸ್ಕಟ್ ರೇಸಿನಲ್ಲಿ, ಗಣ್ಯರಿಗೆ ಮೀಸಲಾದ ರಾಯಲ್ ಎನ್‌ಕ್ಲೋಶರಿನಲ್ಲಿ ಗಂಡಸರಿಗೆ ಕಪ್ಪು ಅಥವಾ ಬೂದು ಟಾಪ್ ಹ್ಯಾಟ್ ಕಡ್ಡಾಯ. ಬೂದು ಬಣ್ಣದವು ಸಾಮಾನ್ಯವಾಗಿ ಫೆಲ್ಟು. ರೇಷ್ಮೆಯವು ಕಪ್ಪು. ಅಲ್ಲಿ ಸಾಲಾಗಿ ನಿಂತ ಹೊಸ ಟೋಪಿಗಳ ನಡುವೆ ಹಳೇ ರೇಷ್ಮೆಯದು ಬಂದರೆ ಇಪ್ಪತ್ತು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತದೆ. ಆದರೆ ರಿಬ್ಬನ್ ಬದಲಿಸಿ ಬಣ್ಣದ್ದು ಹಾಕುವ ಸಾಹಸ ಅಲ್ಲಿ ನಡೆಯುವುದಿಲ್ಲ.

ಒಳಗೆ ಹೋದ ತಕ್ಷಣ ತೆಗೆಯಬೇಕು. ಚರ್ಚಿನಲ್ಲಿ ಮಡಿಲಲ್ಲಿ, ಇಲ್ಲವೇ ಕುರ್ಚಿ ಕೆಳಗೆ ಬೋರಲಾಗಿಸದೆ ಅಂಗಾತ ಇಡಿ. ಕಾರಿನಲ್ಲಿ ಹಾಕಿಕೊಂಡು ಕೂರಲು ಆಗದು. ಕೈಯಲ್ಲಿರಲಿ. ಯಾರಾದರೂ ‘ನಾನೊಂದು ಸಲ ಹಾಕಲಾ’ ಅಂತ ಕೇಳಿದರೆ, ಖಂಡಿತ ಕೇಳುತ್ತಾರೆ, ನಗುತ್ತಾ ಇಲ್ಲ ಅನ್ನುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ. ಮದುವೆಯ ಎರಡನೇ ಗ್ಲಾಸಿನ ಹೊತ್ತಿಗೆ ನಿಮ್ಮ ಟೋಪಿ ಯಾರದೋ ದೊಡ್ಡ ತಲೆ ಮೇಲೆ ಕೂತು ಕುಣಿಯುತ್ತಿರುತ್ತದೆ.

ಮಳೆ ಬಂದರೆ ಟೋಪಿ ಕೊಡೆಯ ಕೆಳಗೆ, ನೀವು ಹೊರಗೆ. ಆದರೂ ನೆನೆಯಿತು ಅಂದರೆ ಗಾಬರಿ ಬೇಡ. ಮೆತ್ತನೆ ಬಟ್ಟೆಯಿಂದ ನವಿರಿನ ದಿಕ್ಕಿಗೆ ನೀರು ಒತ್ತಿ ತೆಗೆದು, ಹೀಟರಿನಿಂದ ದೂರ ನೆರಳಿನಲ್ಲಿ ಆರಲು ಬಿಡಿ, ಪೂರ್ತಿ ಆರಿದ ಮೇಲೆ ಬ್ರಶ್ ಮಾಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಟ್ಟು ಹೋಗಬೇಡಿ. ಮಳೆಗಿಂತ ಅದು ಅಪಾಯ.

ಇಡುವುದು, ಊರಿಗೆ ಒಯ್ಯುವುದು

ಅಂಚಿನ ಎರಡು ಪಕ್ಕ ಮೇಲಕ್ಕೆ ಸುರುಳಿಯಾಗಿ, ಮುಂದೆ ಹಿಂದೆ ಕೆಳಗೆ ಬಾಗಿರುತ್ತದೆ. ಅದನ್ನೇ ನೆಲಕ್ಕೆ ಊರಿ ತಿಂಗಳುಗಟ್ಟಲೆ ಇಟ್ಟರೆ ಬಾಗು ಚಪ್ಪಟೆಯಾಗುತ್ತದೆ. ಹಳೇ ಚರ್ಮದ ಪೆಟ್ಟಿಗಳಲ್ಲಿ ಟೋಪಿ ತಲೆಕೆಳಗಾಗಿ, ಅಂಚಿನ ಮೇಲೆ ತೂಗಿಕೊಂಡು ಕೂರುವ ಹಾಗೆ ಮಾಡಿರುತ್ತಾರೆ. ಪೆಟ್ಟಿ ಸಿಕ್ಕಿದರೆ ಬಿಡಬೇಡಿ. ಇಲ್ಲದಿದ್ದರೆ ಗಟ್ಟಿ ರಟ್ಟಿನ ಡಬ್ಬದಲ್ಲಿ ಆಮ್ಲರಹಿತ ಟಿಶ್ಯೂ ಕಾಗದದ ಉಂಗುರ ಮಾಡಿ, ಅದರ ಮೇಲೆ ಅಂಗಾತ ಕೂರಿಸಿ. ಅಂಚಿನ ಕೆಳಗೆ ಉಣ್ಣೆ ಬಟ್ಟೆ ಇದ್ದರೆ ನುಸಿ ಮೊದಲು ಅಲ್ಲಿಗೇ ಬರುತ್ತದೆ, ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ.

ನಮ್ಮೂರಿಗೆ ಒಯ್ದರೆ ಚಿಂತೆ ಬೇರೆ. ಬೆಂಗಳೂರು ಪರವಾಗಿಲ್ಲ. ಮಂಗಳೂರಿನ ಮಳೆಗಾಲ, ಮಲೆನಾಡಿನ ಆಷಾಢ ಈ ಟೋಪಿಗೆ ಆಗದು, ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಸಿಲು ಬಂದ ದಿನ ನೆರಳಿನಲ್ಲೇ ಗಾಳಿಗಿಡಿ. ಜಿರಳೆಗೂ ಒಳಗಿನ ಹಳೇ ಅಂಟು ಇಷ್ಟ, ಹಾಗಾಗಿ ಮುಚ್ಚಳ ಬಿಗಿಯಾಗಿರಲಿ.

ವಿಮಾನದಲ್ಲಿ ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಮೇಲಿನ ಖಾನೆಗೆ ಎಲ್ಲರೂ ಸೂಟ್‌ಕೇಸು ತುರುಕಿ ಮುಗಿಸುವ ತನಕ ಕಾದು, ಕೊನೆಯಲ್ಲಿ ಟೋಪಿ ಡಬ್ಬ ಇಡಿ. ಇಟ್ಟ ಮೇಲೂ ಕಣ್ಣು ಅಲ್ಲೇ ಇರಲಿ, ತಡವಾಗಿ ಬಂದವರು ಒಬ್ಬರಾದರೂ ಇರುತ್ತಾರೆ, ಅವರ ಕೈಯಲ್ಲೊಂದು ಭಾರದ ಬ್ಯಾಗೂ ಇರುತ್ತದೆ.